ಮೂಲೆ ಕತ್ತರಿಸಿದ ಪಾಸ್‌ಪೋರ್ಟು

ಈ ಪಾಠಕ್ಕೆ ಬಿದ್ದ ಬೆಲೆ ಹದಿನಾಲ್ಕು ತಿಂಗಳು. ತೆತ್ತವಳು ನಾನಲ್ಲ, ಮಹೇಶ್ವರಿ ಎಂಬ ಹೆಣ್ಣುಮಗಳು. ಅಷ್ಟು ದಿನ ಅವಳಿಗೆ ಭೂಮಿಯ ಮೇಲೆ ತನ್ನದು ಎಂದು ಹೇಳಿಕೊಳ್ಳಲು ಒಂದು ದೇಶವಿರಲಿಲ್ಲ. ಯಾಕೆಂದರೆ ನಾನು ಕಣ್ಣಾರೆ ಕಾಣದ ಒಂದು ನಿಯಮವನ್ನು ಕಂಡವಳ ಹಾಗೆ ಹೇಳಿದ್ದೆ, ಅವಳು ನಂಬಿದ್ದಳು. ಕೊನೆಗೆ ಗೆದ್ದೆವು. ಸಣ್ಣ ಗೆಲುವೂ ಅಲ್ಲ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಬೆಲೆ ಮೊದಲು. ಅಂಗಡಿಯಲ್ಲಿ ಬೆಲೆ ಕೇಳದೆ ಸೀರೆ ಬಿಚ್ಚಿಸುವವಳಲ್ಲ ನಾನು. ನಿಮ್ಮನ್ನೂ ಹಾಗೆ ಕೂರಿಸಿಕೊಳ್ಳುವುದಿಲ್ಲ.

ದೆಹಲಿಯ ಹೈಕೋರ್ಟಿನಲ್ಲಿ ವಕೀಲರೊಬ್ಬರ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳು ನಾನು. ಅಲ್ಲಿನ ಮಾತಿನಲ್ಲಿ ಮುನ್ಶಿ. ಓಲ್ಡ್ ರಾಜಿಂದರ್ ನಗರದಲ್ಲಿ ಬಾಡಿಗೆ ಕೋಣೆ ಹಿಡಿದು, ಮೂರು ಸಲ ಐಎಎಸ್ ಪರೀಕ್ಷೆ ಬರೆದು, ಸಾಕಾಗಿ ಕಾನೂನು ಓದಿ ಚೇಂಬರುಗಳಿಗೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಬಹಳ. ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಫೈಲು ಹೇಗೆ ನಡೆಯುತ್ತದೆ, ಎಲ್ಲಿ ಕೂತುಬಿಡುತ್ತದೆ, ಅದನ್ನು ಏಳಿಸುವುದು ಹೇಗೆ ಎಂಬುದನ್ನು ಮಾತ್ರ ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಅಷ್ಟನ್ನು ನನ್ನಿಂದ ತೆಗೆದುಕೊಳ್ಳಿ.

ನನ್ನೂರು ರಾಣೆಬೆನ್ನೂರು. ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದೊಂದೇ ಆಸ್ತಿ. ಗಂಡನ ನೌಕರಿಯ ಹಿಂದೆ ದೆಹಲಿಗೆ ಬಂದು, ಕೋರ್ಟಿನ ಹೊರಗೆ ಟಾರ್ಪಾಲು ಕಟ್ಟಿದ ಜಾಗದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂತೆ. ಒಂದು ದಿನ ಭಾಟಿಯಾ ಎಂಬ ವಕೀಲರು ಅರ್ಜಿಯೊಂದನ್ನು ಟೈಪಿಗೆ ಕೊಟ್ಟರು. ಮುಗಿಸಿ ಕೊಡುವಾಗ, "ಸರ್, ಏಳನೇ ಪುಟದ ತಾರೀಖೂ ಹನ್ನೊಂದನೇ ಪುಟದ ತಾರೀಖೂ ತಾಳೆ ಆಗೋಲ್ಲ" ಎಂದೆ.

"ನೀವು ಟೈಪಿಸ್ಟೋ, ಜಡ್ಜೋ?"

"ಟೈಪಿಸ್ಟೇ ಸರ್. ಜಡ್ಜ್ ಕೇಳೋ ಮೊದಲು ನಾನು ಕೇಳಿದೆ, ಅಷ್ಟೇ."

ಮುಂದಿನ ವಾರ ಚೇಂಬರಿಗೆ ಕರೆದರು. ಬೇರೆ ಮುನ್ಶಿಗಳು ಕೆಲಸಕ್ಕೆ ಸೇರುವಾಗ ಚಹಾ, ಬಸ್ಸಿನ ಖರ್ಚು ಅಂತ ಚೌಕಾಶಿ ಮಾಡುತ್ತಿದ್ದರು. ನಾನು ಮಾಡಿದ ಚೌಕಾಶಿ ಒಂದೇ: ಯಾವ ಫೈಲೂ ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಕೋರ್ಟಿಗೆ ಹೋಗಕೂಡದು. ಅವರು ನಕ್ಕು ಒಪ್ಪಿದರು. ಅಗ್ಗಕ್ಕೆ ಸಿಕ್ಕಿತು ಅಂದುಕೊಂಡಿರಬೇಕು. ನನಗೆ ಬೇಕಿದ್ದದ್ದು ಅದೇ. ಹೆಂಗಸು ಮುನ್ಶಿ ಆಗ ಅಪರೂಪ. ಕಕ್ಷಿದಾರರು ಬಾಗಿಲಲ್ಲಿ ನಿಂತು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಮುನ್ಶಿ ಜೀ ಎಲ್ಲಿ?" ಎನ್ನುವರು. "ಕೆಳಗೆ ನೋಡಿ, ಇಲ್ಲೇ ಕೂತಿದ್ದೀನಿ" ಎನ್ನುವೆ.

ಎರಡು ಸಾವಿರದ ಆಸುಪಾಸಿಗೆ ನಮ್ಮ ಚೇಂಬರಿಗೆ ಒಂದು ಬಗೆಯ ಕೇಸುಗಳು ಹೆಚ್ಚಾಗಿ ಬರತೊಡಗಿದವು. ಬೇರೆ ದೇಶದಲ್ಲಿ ಹುಟ್ಟಿ ಇಲ್ಲಿ ನೆಲೆಸಿದವರು, ಇಲ್ಲಿಯವರನ್ನು ಮದುವೆಯಾದವರು ಪೌರತ್ವಕ್ಕೆ ಅರ್ಜಿ ಹಾಕಿರುತ್ತಾರೆ. ಅರ್ಜಿ ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಕೇಂದ್ರಕ್ಕೆ, ಅಲ್ಲಿಂದ ವಿಚಾರಣೆಗೆಂದು ಮತ್ತೆಲ್ಲಿಗೋ ಹೋಗಿ ಬರಬೇಕು. ಯಾವ ಮೇಜಿನ ಮೇಲೆ ಎಷ್ಟು ದಿನ ಇರಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಯಾರೂ ತಪ್ಪು ಮಾಡುತ್ತಿರಲಿಲ್ಲ, ವರ್ಷಗಳು ಮಾತ್ರ ಹೋಗುತ್ತಿದ್ದವು. ನಾಲ್ಕು ವರ್ಷ, ಐದು ವರ್ಷ ಕಾದವರು ಕೊನೆಗೆ ಹೈಕೋರ್ಟಿಗೆ ರಿಟ್ ಹಾಕುತ್ತಿದ್ದರು. ಸರ್ಕಾರದ ವಕೀಲರು ಎದ್ದು, "ಪರಿಶೀಲನೆಯಲ್ಲಿದೆ, ಕಾಲಾವಕಾಶ ಬೇಕು" ಎನ್ನುವರು. ಮುಂದಿನ ತಾರೀಖು. ಅವತ್ತೂ ಅದೇ ಮಾತು.

ಭಾಟಿಯಾ ಸಾಹೇಬರು ಒಳ್ಳೆಯ ಮನುಷ್ಯ, ದೊಡ್ಡ ಮಾತುಗಾರ. ಶುಂಠಿ ಚಹಾ ಕುಡಿದು ಎದ್ದರೆಂದರೆ ಸಂವಿಧಾನದ ಪೀಠಿಕೆಯಿಂದ ಶುರು. ರೋಹಿಣಿ ಬಡಾವಣೆಯಲ್ಲಿದ್ದ ಒಬ್ಬ ಮುದುಕರ ಕೇಸು ನೆನಪಾಗುತ್ತದೆ. ನೈರೋಬಿಯಲ್ಲಿ ಹುಟ್ಟಿದವರು, ಸಾಯುವುದರೊಳಗೆ ಒಮ್ಮೆ ಈ ದೇಶದಲ್ಲಿ ವೋಟು ಹಾಕಬೇಕೆಂಬ ಆಸೆ. ಸಾಹೇಬರು ಇಪ್ಪತ್ತೈದು ನಿಮಿಷ ಮನುಷ್ಯನ ಘನತೆಯ ಬಗ್ಗೆ ವಾದಿಸಿದರು. ನ್ಯಾಯಮೂರ್ತಿಗಳು ತಾಳ್ಮೆಯಿಂದ ಕೇಳಿ, "ಎಲ್ಲ ಸರಿ, ನಿಮಗೆ ಈಗ ಏನು ಬೇಕು?" ಎಂದರು. ಸಾಹೇಬರು, "ನ್ಯಾಯ" ಎಂದರು. ರಜೆ ಕಳೆದ ಮೇಲಿನ ತಾರೀಖು ಸಿಕ್ಕಿತು. ಹೊರಗೆ ಆ ಮುದುಕರು ನನ್ನ ಹತ್ತಿರ ಬಂದು ಮೆಲ್ಲಗೆ, "ಬೇಟಿ, ನಾನು ವೋಟು ಕೇಳಿದ್ದೆ, ಇವರು ನ್ಯಾಯ ಕೇಳಿದರು. ಎರಡರಲ್ಲಿ ಯಾವುದು ಬೇಗ ಸಿಗುತ್ತೆ?" ಎಂದರು.

ಮುಂದಿನ ತಾರೀಖಿಗೆ ಅರ್ಜಿಯ ಮೊದಲ ಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಸಾಲು ಬರೆದು ಸಾಹೇಬರ ಮುಂದಿಟ್ಟೆ: "ಆರು ವಾರದೊಳಗೆ ತೀರ್ಮಾನಿಸಲಿ, ಇಲ್ಲ ಎನ್ನುವುದಾದರೆ ಕಾರಣ ಬರೆದು ಕೊಡಲಿ." ಅವರು ಅದನ್ನಷ್ಟೇ ಓದಿದರು. ನಾಲ್ಕು ನಿಮಿಷದಲ್ಲಿ ಆದೇಶವಾಯಿತು. ಪೌರತ್ವ ಕೊಡಿ ಎಂದು ಕೋರ್ಟನ್ನು ಕೇಳಿದರೆ ಅದು ಸರ್ಕಾರದ ಕೆಲಸ ಎನ್ನುತ್ತದೆ. ತಾರೀಖು ಕೊಡಿ ಎಂದರೆ ಯಾರಿಗೂ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಆ ಮುದುಕರು ವೋಟು ಹಾಕಿ, ಶಾಯಿ ಹಚ್ಚಿದ ಬೆರಳು ತೋರಿಸಲು ಚೇಂಬರಿನವರೆಗೂ ಬಂದಿದ್ದರು. ಅಂದಿನಿಂದ ಸಾಹೇಬರು ವಾದಕ್ಕೆ ನಿಂತರೆ ಎಡಗೈ ಹಿಂದಕ್ಕೆ ಚಾಚುತ್ತಿದ್ದರು, ನನ್ನ ಚೀಟಿಗೆ.

ಹೀಗೆ ಒಂದರ ಮೇಲೊಂದು ಗೆದ್ದು ನನಗೆ ಸ್ವಲ್ಪ ಕೊಬ್ಬು ಬಂದಿತ್ತು. ಆ ಹೊತ್ತಿಗೇ ಮಹೇಶ್ವರಿ ಬಂದದ್ದು.

ಅವಳನ್ನು ಕರೆತಂದವರು ಅವಳ ಮಾವ, ಸುಬೇದಾರ್ ಪೊನ್ನಪ್ಪ. ಕೊಡಗಿನವರು. ಸೈನ್ಯದಿಂದ ನಿವೃತ್ತರಾಗಿ ಮಗನ ಜೊತೆ ಗುಡಗಾಂವಿನಲ್ಲಿದ್ದರು. ಹತ್ತು ಗಂಟೆಗೆ ಬನ್ನಿ ಎಂದರೆ ಹತ್ತಕ್ಕೆ ಹತ್ತು ನಿಮಿಷವಿರುವಾಗ ಬಾಗಿಲಲ್ಲಿ ನೆಟ್ಟಗೆ ನಿಂತಿರುವರು. ಫೈಲಿಗೆ ತಾವೇ ಪುಟಸಂಖ್ಯೆ ಹಾಕಿ, ಅನುಬಂಧಗಳ ಪಟ್ಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ತಂದಿದ್ದರು. ಅದನ್ನು ನೋಡಿದ್ದೇ ನನಗೆ ಆ ಮನುಷ್ಯನ ಮೇಲೆ ಗೌರವ ಬಂತು.

ಮಹೇಶ್ವರಿ ಮಲೇಶಿಯಾದ ಇಪೋ ಊರಿನ ತಮಿಳರ ಹುಡುಗಿ. ಪೊನ್ನಪ್ಪನವರ ಮಗ ಕಂಪನಿ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ ಪರಿಚಯವಾಗಿ ಮದುವೆಯಾಗಿತ್ತು. ನಾಲ್ಕು ವರ್ಷದ ಮಗಳಿದ್ದಳು. ಮಾವನಿಂದ ಕೊಡವ ಮಾತು, ತರಕಾರಿ ಭಯ್ಯಾನಿಂದ ಹಿಂದಿ ಕಲಿತಿದ್ದಳು. ನನ್ನೊಡನೆ ತಮಿಳು ಬೆರೆಸಿದ ಕನ್ನಡ. ಎಲ್ಲದರ ಬಾಲಕ್ಕೂ ತನ್ನೂರಿನ ಒಂದು 'ಲಾ' ಸೇರಿಸುವಳು. ಬೇಕಾದಷ್ಟು ವರ್ಷ ಇಲ್ಲಿ ವಾಸವಿದ್ದು, ನಿಯಮದ ಪ್ರಕಾರ ಪೌರತ್ವಕ್ಕೆ ಅರ್ಜಿ ಹಾಕಿ ಮೂರು ವರ್ಷವಾಗಿತ್ತು. ಉತ್ತರವಿರಲಿಲ್ಲ.

ನಾನು ರಿಟ್ ಅರ್ಜಿ ಸಿದ್ಧ ಮಾಡತೊಡಗಿದೆ. ಅದರ ನಡುವೆ ಒಂದು ದಿನ ಪೌರತ್ವದ ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಬೇರೊಂದು ಕೆಲಸಕ್ಕೆ ಹೋಗಿದ್ದಾಗ, ಅಲ್ಲಿನ ಕೌಂಟರಿನ ಗುಮಾಸ್ತನೊಬ್ಬನನ್ನು ಸುಮ್ಮನೆ ವಿಚಾರಿಸಿದೆ. "ಹಳೇ ದೇಶದ ಪೌರತ್ವ ಬಿಟ್ಟ ಕಾಗದ ಜೊತೆಗೆ ಹಾಕಿಬಿಡಿ ಮೇಡಂ, ಫೈಲು ಓಡುತ್ತೆ" ಎಂದ. ಅವನು ಕೆಟ್ಟವನಲ್ಲ, ಕೇಳಿದ್ದಕ್ಕೆ ತೋಚಿದ್ದು ಹೇಳಿದ. ಯಾವ ಸುತ್ತೋಲೆಯಲ್ಲಿದೆ, ತೋರಿಸಪ್ಪ ಎಂದು ನಾನು ಕೇಳಬೇಕಿತ್ತು. ಪುಟ ಪುಟ ಓದದೆ ಫೈಲು ಬಿಡದವಳು ಅವತ್ತು ಬಾಯಿಮಾತನ್ನು ನಂಬಿ ಬಂದೆ. ಕೋರ್ಟಿಗೆ ಹೋಗುವ ಗೋಜೇ ಇಲ್ಲದೆ ಕೆಲಸ ಮುಗಿಸಿಕೊಟ್ಟೆ ಎಂದು ಹೇಳಿಕೊಳ್ಳುವ ಆಸೆಗೆ ರಿಟ್ ಅರ್ಜಿಯನ್ನು ಪಕ್ಕಕ್ಕಿಟ್ಟೆ.

ಫೋನಿನಲ್ಲಿ ಮಹೇಶ್ವರಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಅಕ್ಕಾ, ಇದು ಬರೋ ಮುಂಚೆ ಅದು ಕೊಟ್ಟುಬಿಟ್ಟರೆ, ನಡುವೆ ನಾನು ಯಾರು ಲಾ?"

ಆ ಪ್ರಶ್ನೆಗೆ ನಾನು ನಿಲ್ಲಬೇಕಿತ್ತು. "ನಡುವೆ ಅಂದರೆ ಎರಡು ತಿಂಗಳಮ್ಮ, ಕಣ್ಣು ಮುಚ್ಚಿ ತೆಗೆಯೋದರೊಳಗೆ" ಎಂದೆ.

ಅವಳು ಮಲೇಶಿಯಾದ ಹೈಕಮಿಷನ್ನಿಗೆ ಹೋಗಿ ತನ್ನ ದೇಶದ ಪೌರತ್ವ ಬಿಟ್ಟುಕೊಟ್ಟಳು. ಅಲ್ಲಿನವರು ನಿಯಮದಂತೆ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ ರದ್ದು ಮಾಡಿ ವಾಪಸು ಕೊಟ್ಟರು. ಕತ್ತರಿಸಿದ ಆ ತ್ರಿಕೋನದ ಚೂರನ್ನೂ ಅವಳು ಕೇಳಿ ತಂದು ಪರ್ಸಿನಲ್ಲಿಟ್ಟುಕೊಂಡಿದ್ದಳು. ಬಿಟ್ಟ ಪತ್ರವನ್ನು ನಾವು ಫೈಲಿಗೆ ಸೇರಿಸಿದೆವು. ಎರಡು ತಿಂಗಳಾಯಿತು, ಆರಾಯಿತು, ಹತ್ತಾಯಿತು. ಫೈಲು ಓಡಲಿಲ್ಲ, ಇದ್ದ ಜಾಗದಿಂದಲೂ ಕಾಣೆಯಾಯಿತು. ಕೇಳಿದರೆ "ಪ್ರಕ್ರಿಯೆಯಲ್ಲಿದೆ" ಎಂಬ ಒಂದೇ ಮಾತು. ಇತ್ತ ಅವಳ ವಾಸದ ಪರವಾನಗಿ ಮುಗಿಯಿತು. ಸತ್ತ ಪಾಸ್‌ಪೋರ್ಟಿನ ಮೇಲೆ ಯಾರು ಮುದ್ರೆ ಒತ್ತುತ್ತಾರೆ?

ಒಂದು ಬೆಳಿಗ್ಗೆ ಸುಬೇದಾರರು ಹೇಳದೆ ಕೇಳದೆ ಬಂದರು. ಜೇಬಿನಿಂದ ಸರ್ಕಾರದ ನೋಟಿಸು ತೆಗೆದು ಮೇಜಿನ ಮೇಲಿಟ್ಟರು. ಸರಿಯಾದ ಪ್ರಯಾಣ ದಾಖಲೆ ಇಲ್ಲದ ಕಾರಣ ಮಹೇಶ್ವರಿ ಹದಿನೈದು ದಿನದೊಳಗೆ ದೇಶ ಬಿಡಬೇಕು. ಬಿಡದಿದ್ದರೆ ಕಾನೂನು ಕ್ರಮ.

"ಗಿರಿಜಮ್ಮ, ಇದು ಯಾರ ತಪ್ಪು?"

ಭಾಟಿಯಾ ಸಾಹೇಬರು ಬಾಯಿ ತೆರೆದರು. ಅವರು ಸರ್ಕಾರದ ತಪ್ಪು ಎನ್ನುವವರಿದ್ದರು. ಅದರೊಳಗೆ ನಾನು, "ನನ್ನದು" ಎಂದೆ. ಕೌಂಟರಿನ ಕತೆ ಪೂರ್ತಿ ಹೇಳಿದೆ. ಮೊದಲು ಕೇಂದ್ರದವರು 'ನಿಮ್ಮನ್ನು ತೆಗೆದುಕೊಳ್ಳುತ್ತೇವೆ' ಎಂಬ ಒಪ್ಪಿಗೆ ಪತ್ರ ಕೊಡುತ್ತಾರೆ, ಆಮೇಲೆ ಹಳೆಯದನ್ನು ಬಿಡಬೇಕು, ಆಮೇಲೆ ಪೌರತ್ವದ ಪ್ರಮಾಣಪತ್ರ. ಅದು ಕ್ರಮ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ನಾನು ಎರಡನೆಯದನ್ನು ಮೊದಲು ಮಾಡಿಸಿದ್ದೆ.

ಸುಬೇದಾರರು ನೋಟಿಸನ್ನು ನನ್ನ ಕಡೆ ಸರಿಸಿದರು. "ತಪ್ಪು ಒಪ್ಪಿಕೊಂಡ ಜವಾನನಿಗೆ ಶಿಕ್ಷೆ ಆಮೇಲೆ, ಮೊದಲು ಕೆಲಸ. ಏನು ಮಾಡೋಣ ಹೇಳಿ" ಎಂದರು.

ಎರಡೇ ದಿನದಲ್ಲಿ ರಿಟ್ ಹಾಕಿದೆವು. ಮುಂದಿನ ತಾರೀಖಿನವರೆಗೆ ನೋಟಿಸಿಗೆ ತಡೆ ಸಿಕ್ಕಿತು. ಆದರೆ ಸರ್ಕಾರದ ವಕೀಲರು ಮತ್ತೆ "ಪರಿಶೀಲನೆಯಲ್ಲಿದೆ" ಎಂದು ಎರಡು ತಿಂಗಳು ಮುಂದೂಡಿಸಿಕೊಂಡರು. ಆ ಎರಡು ತಿಂಗಳಲ್ಲಿ ಫೈಲು ನಿಜವಾಗಿ ಎಲ್ಲಿದೆ ಎಂದು ನಾವೇ ಹುಡುಕಬೇಕಿತ್ತು. ಆಗಷ್ಟೇ ಮಾಹಿತಿ ಹಕ್ಕಿನ ಕಾಯಿದೆ ಬಂದಿತ್ತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮಹೇಶ್ವರಿಯ ಹೆಸರಿನಲ್ಲೇ ಅರ್ಜಿ ಕಳಿಸಿದೆ. ವಾರದಲ್ಲಿ ವಾಪಸು ಬಂತು: ಮಾಹಿತಿ ಕೇಳುವ ಹಕ್ಕು ಭಾರತದ ಪ್ರಜೆಗಳಿಗೆ ಮಾತ್ರ.

ಮಹೇಶ್ವರಿ ಅದನ್ನು ಓದಿ ನಕ್ಕಳು. ಆ ದಿನಗಳಲ್ಲಿ ಅವಳು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ. "ಪೌರತ್ವ ಯಾಕೆ ಕೊಟ್ಟಿಲ್ಲ ಅಂತ ಕೇಳೋಕೂ ಪೌರತ್ವ ಬೇಕಾ ಅಕ್ಕಾ!"

ಅದು ನನ್ನ ಎರಡನೇ ಎಡವಟ್ಟು. ಹತ್ತು ರೂಪಾಯಿಯಲ್ಲಿ ಮುಗಿಯಿತು ಎಂದು ಸಮಾಧಾನ ಮಾಡಿಕೊಂಡೆ. ಸೊಸೆಯಿಂದ ಒಪ್ಪಿಗೆಯ ಪತ್ರ ಬರೆಸಿಕೊಂಡು ಸುಬೇದಾರರ ಹೆಸರಿನಲ್ಲಿ ಮತ್ತೆ ಹಾಕಿದೆ. ಉತ್ತರ ಬೇಡ, ಫೈಲನ್ನೇ ಕಣ್ಣಿಂದ ನೋಡಲು ಬಿಡಿ ಎಂದು ಕೇಳಿದೆವು. ಒಪ್ಪಿಗೆ ಬಂತು.

ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ಹೇಳುವುದಿಲ್ಲ, ಈಗ ಅಲ್ಲಿ ಬೇರೆ ಜನ, ಬೇರೆ ಪದ್ಧತಿ. ಎದುರಿನ ಮೇಜಿನವನು ತಲೆ ಎತ್ತದೆ, "ನಾಳೆ ಬನ್ನಿ" ಎಂದ. ನಾನು ಚೀಲ ಎತ್ತಿಕೊಂಡೆ. ಇಷ್ಟು ವರ್ಷಗಳಲ್ಲಿ ಆ ಮಾತಿಗೆ ನನ್ನ ಕಾಲು ತಾನಾಗಿ ಹಿಂದೆ ತಿರುಗುತ್ತಿತ್ತು. ಸುಬೇದಾರರು ಕದಲಲಿಲ್ಲ.

"ನಾಳೆ ಎಷ್ಟು ಗಂಟೆಗೆ?"

ಅವನು ತಲೆ ಎತ್ತಿದ. "ಹನ್ನೊಂದಕ್ಕೆ ಬನ್ನಿ."

"ಯಾವ ಕೋಣೆ? ಯಾರು ಇರ್ತಾರೆ?"

ಹೇಳಿದ. ಸುಬೇದಾರರು ಜೇಬಿನ ಡೈರಿಯಲ್ಲಿ ಬರೆದುಕೊಂಡು, ಬರೆದದ್ದನ್ನು ಅವನಿಗೇ ಗಟ್ಟಿಯಾಗಿ ಓದಿ ಹೇಳಿ, "ಸರಿಯಾಗಿದೆ ತಾನೆ?" ಎಂದರು. ಸರಿಯಾಗಿದೆ ಎಂದ. ಮರುದಿನ ಹತ್ತಕ್ಕೆ ಹತ್ತು ಕಡಿಮೆ ಇರುವಾಗ, ಅಂದರೆ ಒಂದು ಗಂಟೆಗೂ ಹೆಚ್ಚು ಮುಂಚೆಯೇ, ನಾವು ಆ ಬಾಗಿಲಲ್ಲಿದ್ದೆವು. ಹನ್ನೊಂದಕ್ಕೆ ಫೈಲು ಮೇಜಿನ ಮೇಲಿತ್ತು. ಜೀವಮಾನವೆಲ್ಲ ಚೌಕಾಶಿ ಮಾಡಿದ ನನಗೆ ಆ ಒಂದು ಪ್ರಶ್ನೆ ಅದುವರೆಗೆ ಹೊಳೆದಿರಲಿಲ್ಲ.

ಅಲ್ಲಿನ ಸೆಕ್ಷನ್ ಆಫೀಸರು ನೇಗಿ. ಉತ್ತರಾಖಂಡದ ಗಢವಾಲ ಕಡೆಯ ಮೆತ್ತನೆಯ ಮನುಷ್ಯ. ಕಿಟಕಿಯ ಕೆಳಗಿನ ಗಿಡ್ಡ ರ‍್ಯಾಕಿನಿಂದ, ಬಿಳಿ ಟೇಪು ಕಟ್ಟಿದ ಒಂದು ಕಂತೆ ಬಿಚ್ಚಿ ಅದರೊಳಗಿಂದ ಮಹೇಶ್ವರಿಯ ಫೈಲು ತೆಗೆದಿದ್ದರು. ಟಿಪ್ಪಣಿ ಹಾಳೆಯಲ್ಲಿ ಕೊನೆಯದಾಗಿ ಒಂದೇ ಸಾಲಿತ್ತು: "ಒಪ್ಪಿಗೆ ಪತ್ರಕ್ಕೆ ಮೊದಲೇ ಪೌರತ್ವ ತ್ಯಜಿಸಲಾಗಿದೆ. ಕ್ರಮದಂತಿಲ್ಲ. ಬದಿಗಿಡಿ." ಅಷ್ಟೇ. ತಿರಸ್ಕಾರವಿಲ್ಲ, ಪ್ರಶ್ನೆಯಿಲ್ಲ, ನಮಗೊಂದು ಪತ್ರವಿಲ್ಲ. ವಿಚಾರಣೆಯ ವರದಿಯೆಲ್ಲ ಸರಿಯಾಗಿ ಬಂದು ಕೂತಿತ್ತು. ಅಡ್ಡ ಬಂದದ್ದು ನಾನು ಸೇರಿಸಿದ ಕಾಗದ ಮಾತ್ರ.

"ಇಲ್ಲ ಅನ್ನೋಕೆ ಕಾರಣ ಇಲ್ಲ ಮೇಡಂ. ಹೂಂ ಅನ್ನೋಕೆ ಕಾಲಂ ಇಲ್ಲ" ಎಂದರು ನೇಗಿ.

"ಆ ಕಂತೆಯಲ್ಲಿ ಉಳಿದವು?"

"ಇನ್ನೂ ಹನ್ನೊಂದಿವೆ. ಎಲ್ಲ ಇದೇ ಕತೆ."

ಹನ್ನೊಂದು ಜನರಿಗೆ ಹನ್ನೊಂದು ಜನ ನನ್ನ ಹಾಗೇ ಬುದ್ಧಿ ಹೇಳಿದ್ದರು. ಸಮಾಧಾನವಾಯಿತು ಎಂದರೆ ಸುಳ್ಳಾಗುತ್ತದೆ.

ಚೇಂಬರಿಗೆ ಬಂದು ಹೆಚ್ಚುವರಿ ಅಫಿಡವಿಟ್ಟು ಹಾಕೋಣ, ನನ್ನ ತಪ್ಪನ್ನು ಅದರಲ್ಲಿ ಬರೆಯೋಣ ಎಂದೆ. ಭಾಟಿಯಾ ಸಾಹೇಬರ ಚಹಾ ಕೈಯಲ್ಲೇ ಉಳಿಯಿತು.

"ಗಿರಿಜಾ ಜೀ, ತಲೆ ಕೆಟ್ಟಿದೆಯಾ? ಚೇಂಬರಿನ ಮರ್ಯಾದೆ ಏನಾಗಬೇಕು?"

"ಸರ್, ಅವಳಾಗಿಯೇ ಬಿಟ್ಟಳು ಅಂತ ಸರ್ಕಾರದವರು ಹೇಳೇ ಹೇಳ್ತಾರೆ. ನಾವು ಮುಚ್ಚಿಟ್ಟರೆ ಅದು ಅವರ ಕೈಯ ಇಸ್ಪೀಟು ಎಲೆ. ನಾವೇ ಮೊದಲು ಇಳಿಸಿದರೆ ನಮ್ಮದು."

"ನನ್ನ ಹೆಸರು?"

"ಬೇಡ. ನನ್ನದು ಹಾಕಿ. ಪ್ರಮಾಣ ನಾನೇ ಮಾಡ್ತೀನಿ."

ಅವರು ಬಹಳ ಹೊತ್ತು ಗೊಣಗಿದರು. ಕೊನೆಗೆ, "ನಾಳೆ ನಿಮ್ಮನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳೋಲ್ಲ, ನೋಡಿ" ಎಂದರು. "ನೀವು ಇಟ್ಟುಕೊಂಡಿದ್ದೀರಲ್ಲ, ಸಾಕು" ಎಂದೆ. ಬರೆದೆವು. ಅಷ್ಟು ವರ್ಷ ಬೇರೆಯವರ ಅಫಿಡವಿಟ್ಟುಗಳಿಗೆ ಪುಟಸಂಖ್ಯೆ ಹಾಕಿದವಳು ನನ್ನದಕ್ಕೂ ಹಾಕಿದೆ. ಕೋರ್ಟಿನ ಫೈಲಿಂಗ್ ಕೌಂಟರಿನವರು ಅದನ್ನು ವಾಪಸು ಕಳಿಸಿದರು: ಒಂಬತ್ತನೇ ಪುಟದ ಪ್ರತಿ ಮಂದವಾಗಿದೆ. ನನ್ನ ತಪ್ಪೊಪ್ಪಿಗೆಯೂ ಒಂದೇ ಸಲಕ್ಕೆ ಪಾಸಾಗಲಿಲ್ಲ.

ತಾರೀಖು ಬಂತು. ಮಹೇಶ್ವರಿ ಹಿಂದಿನ ಬೆಂಚಿನಲ್ಲಿ ಮಾವನ ಪಕ್ಕ ಕೂತಿದ್ದಳು, ಪರ್ಸನ್ನು ಎರಡೂ ಕೈಯಲ್ಲಿ ಹಿಡಿದು. ಅವತ್ತು ತಡೆ ತೆರವಾದರೆ ಅವಳ ಕತೆ ಏನು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರದ ವಕೀಲರು ಚಿಕ್ಕ ವಯಸ್ಸಿನವರು, ಚುರುಕು. "ಅರ್ಜಿದಾರರು ತಾವಾಗಿಯೇ ಪೌರತ್ವ ತ್ಯಜಿಸಿದ್ದಾರೆ. ಅದರ ಪರಿಣಾಮ ಅವರದೇ" ಎಂದು ಶುರು ಮಾಡಿದರು. ನ್ಯಾಯಮೂರ್ತಿಗಳು ಕೈ ಎತ್ತಿ ತಡೆದು, ಪುಟ ತಿರುಗಿಸಿ ನನ್ನ ಅಫಿಡವಿಟ್ಟನ್ನು ಕೊನೆಯವರೆಗೆ ಓದಿದರು. ಒಂಬತ್ತನೇ ಪುಟವನ್ನೂ.

"ಈ ಗಿರಿಜಾ ಯಾರು?"

ಸಾಹೇಬರು ಹಿಂದೆ ತಿರುಗಿದರು. ಗುಮಾಸ್ತರು ಕೋರ್ಟಿನಲ್ಲಿ ಬಾಯಿ ಬಿಡುವ ಹಾಗಿಲ್ಲ. ಎದ್ದು ನಿಂತು ಕೈ ಮುಗಿದೆ.

"ಮುನ್ಶಿಯೊಬ್ಬರು ತಮ್ಮ ತಪ್ಪನ್ನು ಪ್ರಮಾಣ ಮಾಡಿ ಹೇಳಿದ್ದನ್ನು ನಾನು ಇದೇ ಮೊದಲು ಓದುತ್ತಿರುವುದು" ಎಂದು ಹೇಳಿ, ಅವರು ಸರ್ಕಾರದ ವಕೀಲರ ಕಡೆ ತಿರುಗಿದರು. "ಈಕೆ ದೇಶ ಬಿಡಬೇಕು ಅನ್ನುತ್ತೀರಿ. ಆಗಲಿ. ಯಾವ ದೇಶಕ್ಕೆ? ಹೆಸರು ಹೇಳಿ, ಆದೇಶದಲ್ಲಿ ಬರೆಸುತ್ತೇನೆ."

ಅವರು ಪಕ್ಕದಲ್ಲಿದ್ದ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಫೈಲಿನ ಮುಖ ನೋಡಿದರು.

"ಟಿಕೆಟ್ಟು ಯಾವ ಊರಿಗೆ ತೆಗೆಯಬೇಕು ಅಂತಲಾದರೂ ಹೇಳಿ."

ಭಾಟಿಯಾ ಸಾಹೇಬರ ಎಡಗೈ ಹಿಂದಕ್ಕೆ ಬಂತು. ಚೀಟಿ ಕೊಟ್ಟೆ. ಅದರಲ್ಲಿದ್ದದ್ದು ಎಂದಿನ ಸಾಲು, ಆರು ವಾರದ ಜಾಗದಲ್ಲಿ ನಾಲ್ಕು. ಪೀಠಿಕೆ ಇಲ್ಲದೆ ಅಷ್ಟನ್ನೇ ಓದಿದರು. ಅವರ ಜೀವನದ ಅತಿ ಚಿಕ್ಕ ವಾದ ಅದೇ ಇರಬೇಕು. ನಾಲ್ಕು ವಾರದೊಳಗೆ ತೀರ್ಮಾನ, ಇಲ್ಲವೆಂದರೆ ಲಿಖಿತ ಕಾರಣ, ಅಲ್ಲಿಯವರೆಗೆ ನೋಟಿಸಿಗೆ ತಡೆ. ಜೊತೆಗೆ 'ದಸ್ತಿ'ಯೂ ಸಿಕ್ಕಿತು, ಅಂದರೆ ಆದೇಶದ ಪ್ರತಿಯನ್ನು ಅಂಚೆಗೆ ಕಾಯದೆ ನಾವೇ ಕೈಯಲ್ಲಿ ಒಯ್ದು ಕೊಡುವ ಅನುಮತಿ. ಪ್ರತಿ ಕೈಗೆ ಬಂದ ದಿನವೇ ನೇಗಿಯವರ ಮೇಜಿಗೆ ಮುಟ್ಟಿಸಿ ಸ್ವೀಕೃತಿ ಹಾಕಿಸಿಕೊಂಡೆ.

ಇಲ್ಲಿಗೆ ಗೆದ್ದೆವು ಎಂದುಕೊಂಡಿರಾ? ಹೊಸಬರು ಎಡವುವುದು ಇಲ್ಲೇ. ಎರಡು ವಾರ ಕಳೆದರೂ ಫೈಲು ಅಲ್ಲೇ ಇತ್ತು. ಸುಬೇದಾರರೂ ನಾನೂ ಮತ್ತೆ ಹೋದೆವು.

"ಆದೇಶ ಬಂದಿದೆ, ನಿಜ" ಎಂದರು ನೇಗಿ. "ಆದರೆ ಟಿಪ್ಪಣಿ ಬರೆಯಬೇಕಾದವನು ನಾನು. ಕ್ರಮ ತಪ್ಪಿಸಿ ಮಾಡಿದ್ದು ಯಾರು ಅಂತ ನಾಳೆ ಕೇಳಿದರೆ? ನನಗೆ ಇನ್ನು ಮೂರು ವರ್ಷ ಸರ್ವೀಸ್ ಇದೆ ಮೇಡಂ."

ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ನಾನು ಕಲಿತದ್ದು ಒಂದಿದೆ. ಅಂಗಡಿಯವನು ನಮ್ಮ ಮುಖ ನೋಡಿ ಆಗೋಲ್ಲ ಎಂದರೆ ಬೆಲೆಯ ಮಾತು. ಬಾಗಿಲ ಕಡೆ ನೋಡಿ ಆಗೋಲ್ಲ ಎಂದರೆ ಅವನಿಗೆ ಬೇರೆ ಯಾರದೋ ಹೆದರಿಕೆ. ನೇಗಿ ಬಾಗಿಲು ನೋಡುತ್ತಿದ್ದರು. ಅಂಥವರ ಹತ್ತಿರ ವಾದ ಮಾಡಬಾರದು, ಅವರ ಹೆದರಿಕೆಗೆ ಮದ್ದು ಹುಡುಕಬೇಕು.

"ನೇಗಿ ಜೀ, ಆ ಕ್ರಮ ಯಾವ ಸುತ್ತೋಲೆಯಲ್ಲಿದೆ, ನನಗೆ ಒಮ್ಮೆ ತೋರಿಸಿ" ಎಂದೆ. ಹದಿಮೂರು ತಿಂಗಳ ಹಿಂದೆ ಆ ಕೌಂಟರಿನಲ್ಲಿ ಕೇಳಬೇಕಿದ್ದ ಪ್ರಶ್ನೆ.

ತೋರಿಸಿದರು. ಈ ಸಲ ನಿಧಾನವಾಗಿ, ಎರಡು ಸಲ ಓದಿದೆ. ಒಪ್ಪಿಗೆ ಪತ್ರ ಕೊಟ್ಟ ಮೇಲೆ, ಅರ್ಜಿದಾರರು ಹಳೆ ಪೌರತ್ವ ಬಿಟ್ಟ ದಾಖಲೆ ತಂದು ಕೊಡಬೇಕು ಎಂದಿತ್ತು. ಆ ದಾಖಲೆ ಯಾವ ತಾರೀಖಿನದಾಗಿರಬೇಕು ಎಂದು ಎಲ್ಲೂ ಇರಲಿಲ್ಲ.

"ನೀವು ಒಪ್ಪಿಗೆ ಪತ್ರ ಕೊಡಿ. ಅವಳು ಮರುದಿನ ಬಂದು ಅದೇ ಹಳೇ ಕಾಗದ ಕೊಡ್ತಾಳೆ. ಕ್ರಮ ಎಲ್ಲಿ ತಪ್ಪಿತು?"

ನೇಗಿ ಸುತ್ತೋಲೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ಇದನ್ನು ಬರೆಯೋದು ಹೇಗೆ?"

ನನ್ನ ಪೆನ್ಸಿಲ್ ತೆಗೆದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ: "ಒಪ್ಪಿಗೆ ಪತ್ರ ನೀಡಬಹುದು. ತ್ಯಜಿಸಿದ ದಾಖಲೆಯ ತಾರೀಖನ್ನು ಸುತ್ತೋಲೆ ನಿಗದಿಪಡಿಸಿಲ್ಲವಾದ್ದರಿಂದ, ಪತ್ರದ ನಂತರ ಹಾಜರುಪಡಿಸಿದಲ್ಲಿ ಅದನ್ನು ಸ್ವೀಕರಿಸಬಹುದು." ಅವರು ಮೂರು ಸಲ ಓದಿ, ಒಂದು ಲೋಟ ನೀರು ಕುಡಿದು, ಮೊದಲಿಗೆ "ಮಾನ್ಯ ನ್ಯಾಯಾಲಯದ ಆದೇಶದ ಮೇರೆಗೆ" ಎಂದು ತಾವೇ ಸೇರಿಸಿದರು. ಮುಖ ಅರಳಿತು. "ಈಗ ಇದು ನನ್ನ ತಲೆ ಮೇಲಿಲ್ಲ."

ಅಧಿಕಾರಿಗೆ ಬೇಕಾದದ್ದು ಹೆದರಿಕೆಯಿಲ್ಲದೆ ಸಹಿ ಹಾಕಬಹುದಾದ ಒಂದು ವಾಕ್ಯ. ಅದನ್ನು ಬರೆದುಕೊಡುವುದೇ ನಮ್ಮ ಕಸುಬಿನ ಅರ್ಧ.

ಏಳುವ ಮುಂಚೆ ಕಿಟಕಿಯ ಕೆಳಗಿನ ರ‍್ಯಾಕು ನೋಡಿದೆ. "ಇದೇ ವಾಕ್ಯ ಆ ಹನ್ನೊಂದಕ್ಕೂ ಹೊಂದುತ್ತೆ, ಅಲ್ಲವಾ?"

"ಮೇಡಂ, ಒಂದು ಸೀರೆ ಕೊಂಡು ಹನ್ನೊಂದು ಬ್ಲೌಸ್ ಪೀಸ್ ಕೇಳ್ತಿದ್ದೀರಿ!"

"ಕೇಳೋಕೆ ದುಡ್ಡಿಲ್ಲವಲ್ಲ."

"ಅಚ್ಛಾ, ಮೊದಲು ಇದು ಹೋಗಲಿ."

ಇಪ್ಪತ್ತಾರನೇ ದಿನ ಒಪ್ಪಿಗೆ ಪತ್ರ ಬಂತು. ಮರುದಿನ ಮಹೇಶ್ವರಿ ಹೋಗಿ ಹಳೆಯ ಕಾಗದ ಕೊಟ್ಟಳು. ಮುಂದಿನ ವಾರ ಪ್ರಮಾಣವಚನ. ಅಧಿಕಾರಿಯ ಎದುರು ನಿಂತು ಓದುವಾಗ ಅವಳ ಮೊದಲ ಸಾಲು ಎದುರಿಗಿದ್ದವರಿಗಷ್ಟೇ ಕೇಳಿಸಿತು, ಕೊನೆಯ ಸಾಲು ಹೊರಗಿನ ಕಾರಿಡಾರಿಗೂ ಕೇಳಿಸಿತು. ಮಗಳು ಹಿಂದಿಯಲ್ಲಿ, "ಮಮ್ಮಾ ಜೋರಾಗಿ ಯಾಕೆ ಓದ್ತಿದ್ದಾಳೆ?" ಎಂದು ಅಜ್ಜನನ್ನು ಕೇಳಿತು. ಪೌರತ್ವದ ಪ್ರಮಾಣಪತ್ರ ಕೈಗೆ ಬಂದದ್ದೇ ಸುಬೇದಾರರು ತಮ್ಮ ಫೈಲು ತೆರೆದು, ಅನುಬಂಧಗಳ ಪಟ್ಟಿಯ ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿ, ಟೇಪು ಬಿಗಿದು, "ಫೈಲ್ ಕ್ಲೋಸ್!" ಎಂದರು. ಪರೇಡು ಮೈದಾನದ ದನಿ. ಕಾರಿಡಾರಿನಲ್ಲಿ ಕಾದಿದ್ದ ಇಬ್ಬರು ಬೆಚ್ಚಿ ಎದ್ದು ನಿಂತರು.

ಮೆಟ್ಟಿಲಿನ ಹತ್ತಿರ ಮಹೇಶ್ವರಿ ನನ್ನನ್ನು ನಿಲ್ಲಿಸಿದಳು. "ಅಕ್ಕಾ, ನಡುವೆ ನಾನು ಯಾರು ಅಂತ ಕೇಳಿದ್ದೆ. ನೀವು ಉತ್ತರ ಹೇಳಲೇ ಇಲ್ಲ ಲಾ."

"ನಡುವೆ ನೀನು ನನ್ನ ನಿದ್ದೆ ಕೆಡಿಸಿದವಳು" ಎಂದೆ.

ಅವಳು ನಕ್ಕು, ಪರ್ಸಿನಿಂದ ಆ ತ್ರಿಕೋನದ ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಕೆಲವು ತಿಂಗಳ ನಂತರ ಹೊಸ ಪಾಸ್‌ಪೋರ್ಟಿನಲ್ಲಿ ತವರಿಗೆ ಹೋಗಿ, ಅಲ್ಲಿಂದ ಫೋನು ಮಾಡಿದಳು. "ಅಕ್ಕಾ, ಇಲ್ಲಿ ನಾನು ಫಾರಿನರ್ ಕ್ಯೂನಲ್ಲಿ ನಿಂತೆ! ಅಮ್ಮ ಗಾಜಿನ ಆಚೆಯಿಂದ ನೋಡಿ ನಗ್ತಿದ್ದಳು."

ಆ ವರ್ಷ ಮುಗಿಯುವ ಮೊದಲು ಇನ್ನೊಂದು ಫೋನು ಬಂತು. ನೇಗಿ. "ಮೇಡಂ, ಬ್ಲೌಸ್ ಪೀಸ್ ರೆಡಿ. ಹನ್ನೊಂದೂ." ಆ ಹನ್ನೊಂದರಲ್ಲಿ ಒಬ್ಬರನ್ನೂ ನಾನು ನೋಡಿದವಳಲ್ಲ. ಅವರಿಗೂ ನಾನು ಯಾರೆಂದು ಗೊತ್ತಿಲ್ಲ. ಆದರೂ ಅವತ್ತು ಚೇಂಬರಿಗೆಲ್ಲ ನಾನೇ ಜಿಲೇಬಿ ತರಿಸಿದೆ. ಭಾಟಿಯಾ ಸಾಹೇಬರು ಎರಡು ಹೆಚ್ಚು ತಿಂದು, "ನನ್ನ ವಾದ ಹೇಗಿತ್ತು ನೋಡಿದಿರಾ?" ಎಂದರು.

ಆ ಚೂರು ನಾನು ನಿವೃತ್ತಳಾಗುವವರೆಗೆ ನನ್ನ ಮೇಜಿನ ಗಾಜಿನ ಕೆಳಗಿತ್ತು. ಈಗ ನನ್ನ ಕನ್ನಡಕದ ಡಬ್ಬಿಯಲ್ಲಿದೆ.

ಇನ್ನು ನಿಮಗೆ. ಹೊಸದು ಕೈಗೆ ಬರುವವರೆಗೆ ಹಳೆಯ ಕಾಗದ ಬಿಡಬೇಡಿ, ನಿಮ್ಮದಾಗಲಿ, ನಿಮ್ಮ ಕಕ್ಷಿದಾರರದಾಗಲಿ. ಯಾರು ಎಷ್ಟೇ ನಗುಮುಖದಿಂದ ನಿಯಮ ಹೇಳಿದರೂ ಎಲ್ಲಿ ಬರೆದಿದೆ ಎಂದು ಕೇಳಿ, ತೋರಿಸಿದರೆ ಪೂರ್ತಿ ಓದಿ. ಕಕ್ಷಿದಾರರು ಕೇಳುವ ಪೆದ್ದು ಪ್ರಶ್ನೆಗೆ ಎರಡು ನಿಮಿಷ ನಿಲ್ಲಿ, ಬಹಳ ಸಲ ಇಡೀ ಕೇಸು ಅದರೊಳಗಿರುತ್ತದೆ. ತಪ್ಪು ಮಾಡಿದರೆ ಎದುರಾಳಿ ಹೇಳುವ ಮೊದಲು ನೀವೇ ಹೇಳಿ. ಗೆದ್ದ ದಿನ ಮನೆಗೆ ಹೋಗಬೇಡಿ, ಆದೇಶವನ್ನು ಮೇಜಿಗೆ ಮುಟ್ಟಿಸಿ ಹೋಗಿ. ಮೇಜಿನ ಆಚೆ ಕೂತವರ ಹೆದರಿಕೆ ಏನೆಂದು ಕಂಡುಹಿಡಿದು ಅದಕ್ಕೊಂದು ವಾಕ್ಯ ಬರೆದುಕೊಡಿ. ನಿಮ್ಮ ಕೆಲಸವಾದ ಮೇಲೆ ಅದೇ ಕಂತೆಯಲ್ಲಿ ಉಳಿದವರ ಬಗ್ಗೆ ಒಂದು ಮಾತು ಕೇಳಿ ಬನ್ನಿ.

ಇಷ್ಟೆಲ್ಲ ನೆನಪಿರದಿದ್ದರೆ ಸುಬೇದಾರರಿಂದ ನಾನು ಕಲಿತದ್ದೊಂದನ್ನು ಇಟ್ಟುಕೊಳ್ಳಿ. ನಾಳೆ ಬನ್ನಿ ಎಂದರೆ ಚೀಲ ಎತ್ತಿಕೊಳ್ಳಬೇಡಿ. ಎಷ್ಟು ಗಂಟೆಗೆ ಎಂದು ಕೇಳಿ, ಅವರೆದುರೇ ಬರೆದುಕೊಳ್ಳಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ.